ಸಂಜೆ ನಾಲ್ಕರಿಂದ ಎಂಟು: ಓಣಿಯ ಹುಡುಗರು ನಶೆಗೆ ಬೀಳದಂತೆ ಊರಿನವರು ಮಾಡಬಹುದಾದ ಕೆಲಸ

ಪ್ರತಿ ವರ್ಷ ಜೂನ್ 26 ಬಂತೆಂದರೆ ಮಾದಕ ವಸ್ತು ವಿರೋಧಿ ದಿನ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಾಲೆಗಳಲ್ಲಿ ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಮಾಡಿಸುತ್ತಾರೆ. ಪ್ರತಿಜ್ಞೆ ಆಗುತ್ತದೆ, ಫೋಟೋ ಆಗುತ್ತದೆ. ಅವತ್ತೇ ಸಂಜೆ ಶಾಲೆಯ ಎದುರಿನ ಪಾನ್ ಡಬ್ಬಾ ನೋಡಿ. ಪಾನ್ ಮಸಾಲೆ, ತಂಬಾಕು ಪಾಕೀಟಿನ ಸರಗಳು ಹಾಗೇ ತೂಗಾಡುತ್ತಿರುತ್ತವೆ. ಫಲಕ ಹಿಡಿದಿದ್ದ ಹುಡುಗನೇ ಬಂದು ಒಂದು ಹರಿದುಕೊಂಡು ಹೋದರೂ ಆಶ್ಚರ್ಯವಿಲ್ಲ.

ಜಾಥಾ ಬೇಡ ಅಂತಲ್ಲ. ಅದರಿಂದಲೇ ಕೆಲಸ ಮುಗಿಯಿತು ಅಂದುಕೊಳ್ಳುವುದು ಬೇಡ. ಹುಡುಗರು ನಶೆಗೆ ಕೈ ಹಾಕುವುದು ಗೊತ್ತಿಲ್ಲದೆ ಅಲ್ಲ. ತಂಬಾಕಿನ ಪಾಕೀಟಿನ ಮೇಲೆ ಹುಣ್ಣಾದ ಬಾಯಿಯ ಚಿತ್ರ ಇರುತ್ತದೆ, ಅದನ್ನು ನೋಡುತ್ತಲೇ ಹರಿಯುತ್ತಾರೆ. ಹೊತ್ತು ಹೋಗದ ಸಂಜೆ ಒಂದು ಕಡೆ, ಐದ್ಹತ್ತು ರೂಪಾಯಿಗೆ ಕೈಗೆ ಸಿಗುವ ಮಾಲು ಇನ್ನೊಂದು ಕಡೆ. ಇವೆರಡೂ ಒಂದೇ ಮೂಲೆಯಲ್ಲಿ ಕೂಡಿದರೆ ಸಾಕು. ಎರಡನ್ನೂ ಕಡಿಮೆ ಮಾಡುವುದು ಊರಿನವರ ಕೈಯಲ್ಲೇ ಇದೆ. ಅದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಒಂದು ಓಣಿ ಅಥವಾ ಒಂದು ಹಳ್ಳಿ, ಒಂದು ವರ್ಷ ಬಿಡದೆ ಹಿಡಿದರೆ ಆಗುವ ಕೆಲಸ. ಹೇಗೆ ಅಂತ ಮೊದಲಿಂದ ನೋಡೋಣ.

ಹೆಜ್ಜೆ 1: ಏಳೆಂಟು ಜನ ಸೇರಿ

ದೊಡ್ಡ ಸಮಿತಿ ಮಾಡಬೇಡಿ. ಮೂವತ್ತು ಜನರ ಸಮಿತಿಗೆ ಮೊದಲ ಸಭೆಯಲ್ಲಿ ಮೂವತ್ತು ಜನ ಬರುತ್ತಾರೆ, ಮೂರನೆಯ ಸಭೆಗೆ ಮೂವರು. ಏಳೆಂಟು ಜನ ಸಾಕು. ಆದರೆ ಹುಡುಗರನ್ನು ದಿನಾ ನೋಡುವವರಾಗಿರಬೇಕು.

ಆಶಾ ಕಾರ್ಯಕರ್ತೆ ಇರಲಿ, ಅವರಿಗೆ ಪ್ರತಿ ಮನೆಯ ಒಳಗಿನ ಕಥೆ ಗೊತ್ತು. ಹೈಸ್ಕೂಲಿನ ಪಿ.ಟಿ. ಮಾಸ್ತರು, ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮೆಡಿಕಲ್ ಅಂಗಡಿಯವರು, ಬಸ್‌ಸ್ಟ್ಯಾಂಡಿನಲ್ಲಿ ಟಂಟಂ ಓಡಿಸುವವರೊಬ್ಬರು ಇರಲಿ. ರಾತ್ರಿ ಯಾವ ಹುಡುಗರು ಎಲ್ಲಿ ಇಳಿಯುತ್ತಾರೆ ಅನ್ನುವುದು ಟಂಟಂನವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ ಇಬ್ಬರು ಬೇಕೇ ಬೇಕು. ಐವತ್ತು ದಾಟಿದವರೇ ಕೂತು ಹುಡುಗರ ಬಗ್ಗೆ ತೀರ್ಮಾನ ಮಾಡಿದರೆ ಅದು ಬರೀ ಗೊಣಗಾಟ ಆಗುತ್ತದೆ.

ಇನ್ನೊಂದು ಮಾತು. ಮಠದವರು, ಮಸೀದಿ ಕಮಿಟಿಯವರು, ಬುದ್ಧ ವಿಹಾರಕ್ಕೆ ಹೋಗುವ ಯುವಕರು, ತಾಂಡಾದ ನಾಯಕರು, ಎಲ್ಲರ ಕಡೆಯಿಂದಲೂ ಒಬ್ಬೊಬ್ಬರು ಇರುವಂತೆ ನೋಡಿಕೊಳ್ಳಿ. ನಮ್ಮ ಕಡೆ ನಶೆಯ ಮಾತು ಬಂದ ಕೂಡಲೇ ‘ಅದು ಆ ಓಣಿಯವರ ಚಾಳಿ’, ‘ಅದು ತಾಂಡಾದ್ದು’ ಅನ್ನುವವರು ಸಿಗುತ್ತಾರೆ. ಆ ಮಾತು ಒಮ್ಮೆ ಸಭೆಯೊಳಗೆ ಬಂದರೆ ಕೆಲಸ ಅಲ್ಲಿಗೇ ನಿಂತಿತು. ಜಾತಿ, ಓಣಿ, ಪಾರ್ಟಿ ಎತ್ತಬಾರದು ಅಂತ ಮೊದಲ ದಿನವೇ ಹೇಳಿಬಿಡಿ.

ಹೆಸರಿನ ವಿಷಯದಲ್ಲೂ ಜಾಗ್ರತೆ. ‘ನಶಾಮುಕ್ತ ಸಮಿತಿ’ ಅಂತ ಬೋರ್ಡ್ ಹಾಕಿದರೆ, ಯಾರ ಮನೆಯಲ್ಲಿ ನಿಜವಾಗಿ ತೊಂದರೆ ಇದೆಯೋ ಆ ತಾಯಿ ಅತ್ತ ಕಾಲಿಡುವುದಿಲ್ಲ. ಆಟದ ಬಳಗ, ಓಣಿಯ ಯುವಕರ ಸಂಘ, ಹೀಗೆ ಏನಾದರೂ ಸಾದಾ ಹೆಸರು ಇಡಿ.

ಹೆಜ್ಜೆ 2: ಯಾವ ಮಾಲು, ಯಾವ ಮೂಲೆ, ಯಾವ ಹೊತ್ತು

ಹೆಚ್ಚಿನ ಊರುಗಳು ಈ ಹೆಜ್ಜೆಯನ್ನೇ ಹಾರಿಸುತ್ತವೆ. ಟಿವಿಯಲ್ಲಿ ಬೆಂಗಳೂರಿನ ಪಾರ್ಟಿ ಸುದ್ದಿ ನೋಡಿ ‘ಡ್ರಗ್ಸ್ ಬೇಡ’ ಅಂತ ಭಾಷಣ ಮಾಡುತ್ತಾರೆ. ನಮ್ಮ ಏಳನೇ ಕ್ಲಾಸಿನ ಹುಡುಗ ಕೊಕೇನ್ ಕಂಡಿಲ್ಲ, ಕಾಣುವುದೂ ಇಲ್ಲ. ಅವನ ಜೇಬಿನಲ್ಲಿ ಇರುವುದು ಬೇರೆಯೇ.

ನಮ್ಮ ಭಾಗದಲ್ಲಿ ಶುರುವಾಗುವುದು ಸಾಮಾನ್ಯವಾಗಿ ತಂಬಾಕಿನಿಂದ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರ ಮೇ ಕೊನೆಯಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಅಂತ ಎರಡಾಗಿ ಬಂದವು. ಬಾಯಿಗೆ ಹೋದ ಮೇಲೆ ಒಂದೇ. ಅದರ ಜೊತೆಗೆ ಬಿಡಿ ಸಿಗರೇಟು.

ಆಮೇಲೆ ಸಾರಾಯಿಯ ಲೋಕ. ಪ್ಯಾಕೆಟ್ ಸಾರಾಯಿ 2007ರಲ್ಲೇ ನಿಂತಿತು. ಈಗ ಹಳ್ಳಿಯ ಕಿರಾಣಿ ಅಂಗಡಿ, ಚಹಾದಂಗಡಿಗಳಲ್ಲಿ ಲೈಸೆನ್ಸ್ ಇಲ್ಲದೆ ಮಾರುವ ಸಣ್ಣ ಟೆಟ್ರಾ ಪ್ಯಾಕ್‌ಗಳದ್ದೇ ಕಾಟ. ಬಾರ್‌ಗೆ ಹೋಗಲು ಹುಡುಗರಿಗೆ ಹೆದರಿಕೆ ಇರುತ್ತದೆ. ಕಿರಾಣಿ ಅಂಗಡಿಗೆ ಏನು ಹೆದರಿಕೆ? ಅವ್ವ ಸಕ್ಕರೆ ತರಲು ಕಳಿಸಿದ ಅಂಗಡಿಯೇ ಅದು.

ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆ ತೆಲಂಗಾಣದ ಗಡಿ ಹತ್ತಿರ. ಅಲ್ಲಿ ಸೇಂದಿಯ ಮೇಲೆ ವಿಶೇಷ ಕಣ್ಣಿರಲಿ. ಕಲಬೆರಕೆ ಸೇಂದಿಯಲ್ಲಿ ಮರದ ಹನಿ ಇರುವುದೇ ಕಡಿಮೆ. ನೀರು, ಸ್ಯಾಕರಿನ್, ಅದರ ಮೇಲೆ ಸಿ.ಎಚ್. ಪೌಡರ್ ಅಂತ ಕರೆಯುವ ಕ್ಲೋರಲ್ ಹೈಡ್ರೇಟ್ ಅಥವಾ ನಿದ್ದೆ ಗುಳಿಗೆಯ ಪುಡಿ. ಇದು ಕುಡಿತವಲ್ಲ, ಔಷಧಿಯ ನಶೆ. ಬಿಡಿಸುವ ರೀತಿಯೂ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಗಾಂಜಾ ನಮ್ಮಲ್ಲಿಗೆ ದೂರದಿಂದ ಬರುವ ವಸ್ತು ಅಂತ ಅಂದುಕೊಳ್ಳುವಂತಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಕಾಳಗಿ ತಾಲ್ಲೂಕಿನ ಕುರಿ ಸಾಕುವ ಜಾಗದಲ್ಲಿ ನೆಲದಡಿ ಬಚ್ಚಿಟ್ಟಿದ್ದ 1,300 ಕಿಲೋಗೂ ಹೆಚ್ಚು ಗಾಂಜಾ ಹಿಡಿದಿದ್ದರು. ತೊಗರಿಯ ನಡುವೆ, ಕಬ್ಬಿನ ನಡುವೆ ನಾಲ್ಕು ಗಿಡ ಬೆಳೆದು ಸಿಕ್ಕಿಬಿದ್ದ ಸುದ್ದಿಯೂ ಆಗಾಗ ಬರುತ್ತದೆ.

ಕೊನೆಯದು ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್. ಎಲ್ಲರಿಗಿಂತ ಚಿಕ್ಕ ಮಕ್ಕಳು ಹಿಡಿಯುವುದು ಇದನ್ನೇ. ಕೇಂದ್ರ ಸರ್ಕಾರ ದಿಲ್ಲಿಯ ಏಮ್ಸ್‌ನಿಂದ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳೇ ಜಾಸ್ತಿ ಬಳಸುವ ನಶೆ ಇದೊಂದೇ ಅಂತ ಕಂಡುಬಂತು. ದೊಡ್ಡವರಲ್ಲಿ ನೂರಕ್ಕೆ 0.58, ಹತ್ತರಿಂದ ಹದಿನೇಳು ವರ್ಷದವರಲ್ಲಿ 1.17. ರೈಲು ನಿಲ್ದಾಣ, ಗ್ಯಾರೇಜು, ಗುಜರಿ ಅಂಗಡಿಯ ಸುತ್ತಮುತ್ತ ನೋಡಿ. ಬಟ್ಟೆಯ ಮೇಲೆ ಅಂಟಿನ ಕಲೆ, ಬಾಯಿ ಮೂಗಿನ ಸುತ್ತ ಕೆಂಪು ಗುಳ್ಳೆ, ಮೈಯಲ್ಲಿ ಪೇಂಟಿನಂಥ ವಾಸನೆ ಇದರ ಗುರುತು.

ನಿಮ್ಮ ಊರಲ್ಲಿ ಇವುಗಳಲ್ಲಿ ಯಾವುದು ಓಡುತ್ತಿದೆ ಅಂತ ತಿಳಿಯಲು ಎರಡು ಕೆಲಸ ಮಾಡಿ.

ಮೊದಲನೆಯದು ನಕ್ಷೆ. ಒಂದು ದೊಡ್ಡ ಹಾಳೆಯ ಮೇಲೆ ಓಣಿ ಬಿಡಿಸಿ. ಶಾಲೆ, ಅಗಸಿ, ಕೆರೆ ಏರಿ, ಪಾಳು ಗೋಡೌನು, ಬಸ್‌ಸ್ಟ್ಯಾಂಡ್ ಹಿಂಭಾಗ, ಅಂಗಡಿಗಳು ಎಲ್ಲ ಇರಲಿ. ಹುಡುಗರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತಿಗೆ ಕೂರುತ್ತಾರೆ ಅಂತ ಗುರುತು ಹಾಕಿ. ಆ ಹತ್ತೊಂಬತ್ತರ ಹುಡುಗರು ಇಲ್ಲಿ ಕೆಲಸಕ್ಕೆ ಬರುತ್ತಾರೆ. ಅವರಿಗೆ ಗೊತ್ತಿರುವ ಜಾಗಗಳಲ್ಲಿ ಅರ್ಧ ನಿಮಗೆ ಗೊತ್ತೇ ಇರುವುದಿಲ್ಲ.

ಎರಡನೆಯದು ಹೆಸರಿಲ್ಲದ ಚೀಟಿ. ಮುಖ್ಯ ಗುರುಗಳ ಮತ್ತು ಎಸ್‌ಡಿಎಂಸಿಯ ಒಪ್ಪಿಗೆ ಪಡೆದು ಎಂಟರಿಂದ ಹತ್ತನೇ ತರಗತಿಯವರಿಗೆ ನಾಲ್ಕು ಪ್ರಶ್ನೆ ಕೊಡಿ. ಕಳೆದ ಒಂದು ತಿಂಗಳಲ್ಲಿ ಇವುಗಳಲ್ಲಿ ಯಾವುದಾದರೂ ತೆಗೆದುಕೊಂಡಿದ್ದೀಯಾ? ಎಲ್ಲಿ ಸಿಕ್ಕಿತು? ಶಾಲೆ ಬಿಟ್ಟ ಮೇಲೆ ಎಲ್ಲಿರುತ್ತೀ? ಮನೆಯಲ್ಲಿ ಯಾರು ಇರುತ್ತಾರೆ? ಉತ್ತರಕ್ಕೆ ಬರೀ ಟಿಕ್ ಮಾರ್ಕ್ ಇರಲಿ, ಕೈಬರಹ ಬೇಡ. ಚೀಟಿ ಡಬ್ಬಿಗೆ ಹಾಕುವಾಗ ಮಾಸ್ತರು ಹೊರಗೆ ನಿಲ್ಲಬೇಕು. ಯಾವ ಹುಡುಗ ಬರೆದಿದ್ದು ಅಂತ ಹುಡುಕುವ ಆಸೆ ಬರುತ್ತದೆ. ಹುಡುಕಿದರೆ ಮುಂದಿನ ವರ್ಷ ಎಲ್ಲ ಚೀಟಿಗಳೂ ‘ಇಲ್ಲ, ಇಲ್ಲ, ಇಲ್ಲ’ ಅಂತಲೇ ಬರುತ್ತವೆ.

ಹೆಜ್ಜೆ 3: ಅಂಗಡಿಯವರ ಜೊತೆ ಮಾತು

ನೇರವಾಗಿ ಪೊಲೀಸರ ಹತ್ತಿರ ಓಡಬೇಡಿ. ಪಾನ್ ಡಬ್ಬಾದವರೂ ನಮ್ಮ ಊರಿನವರೇ, ಅದರ ಮೇಲೆ ಅವರ ಮನೆ ನಡೆಯುತ್ತದೆ. ಮೊದಲು ಇಬ್ಬರು ಹೋಗಿ ಮಾತಾಡಿ. ಒಬ್ಬರು ಹೆಣ್ಣುಮಗಳು, ಒಬ್ಬರು ಹಿರಿಯರು ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತು ನೋಡಿ ಹೋಗಿ.

“ಕಾಕಾ, ನಿಮ್ಮ ವ್ಯಾಪಾರಕ್ಕ ಅಡ್ಡ ಬರ್ಲಿಕ್ಕೆ ಬಂದಿಲ್ಲ ನಾವು. ಸಾಲಿ ಹುಡುಗ್ರಿಗಿ ಮಾತ್ರ ಕೊಡಬ್ಯಾಡ್ರಿ. ನಿಮ್ಮ ಮೊಮ್ಮಗನೂ ಇದೇ ಸಾಲಿಗಿ ಹೋಗ್ತಾನಲ್ಲ?”

ಇಷ್ಟೇ ಸಾಕು. ಬಹಳಷ್ಟು ಜನ ಇಲ್ಲಿಗೇ ಒಪ್ಪುತ್ತಾರೆ. ಒಪ್ಪದವರಿಗೆ ಕಾನೂನು ಏನು ಅಂತ ನೀವು ಚೆನ್ನಾಗಿ ತಿಳಿದಿರಬೇಕು. 2003ರ ತಂಬಾಕು ನಿಯಂತ್ರಣ ಕಾಯ್ದೆ, ಕೋಟ್ಪಾ ಅಂತಾರಲ್ಲ, ಅದಕ್ಕೆ ಕರ್ನಾಟಕ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದೆ. ಈಗ ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಮೊದಲು ಇದು 18 ಇತ್ತು. ಶಾಲೆ ಕಾಲೇಜಿನ ಸುತ್ತ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟನ್ನೂ ಮಾರುವಂತಿಲ್ಲ. ಹುಕ್ಕಾ ಬಾರ್ ಪೂರ್ತಿ ಬಂದ್.

ಇದಕ್ಕಿಂತ ಗಟ್ಟಿಯಾದದ್ದು 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ. 18 ವರ್ಷದೊಳಗಿನ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮಗುವಿನ ಕೈಯಿಂದ ಮಾಲು ಮಾರಿಸಿದರೆ ಅಥವಾ ಸಾಗಿಸಿದರೂ 78ನೇ ಕಲಂನಲ್ಲಿ ಅಷ್ಟೇ ಶಿಕ್ಷೆ. ಬಹಳ ಅಂಗಡಿಯವರಿಗೆ ಇದು ಗೊತ್ತೇ ಇಲ್ಲ. ಗೊತ್ತಾದ ಮೇಲೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಇದನ್ನು ಕನ್ನಡದಲ್ಲಿ, ಉರ್ದು ಓದುವವರು ಇರುವ ಕಡೆ ಉರ್ದುವಿನಲ್ಲೂ, ಒಂದು ಪುಟ ಛಾಪಿಸಿ ಪ್ರತಿ ಅಂಗಡಿಗೆ ಕೊಡಿ.

ಮೆಡಿಕಲ್ ಅಂಗಡಿಯವರ ಜೊತೆ ಬೇರೆ ಮಾತು. ಅಲ್ಪ್ರಜೋಲಾಮ್, ನೈಟ್ರಜೆಪಾಮ್, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಇವೆಲ್ಲ ಎಚ್1 ಪಟ್ಟಿಯ ಔಷಧಿಗಳು. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಬರೆದ ಡಾಕ್ಟರು, ರೋಗಿ, ಔಷಧಿಯ ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ನಿಮ್ಮ ಗುಂಪಿನಲ್ಲಿರುವ ಮೆಡಿಕಲ್‌ನವರೇ ಉಳಿದವರಿಗೆ ಹೇಳಲಿ. ಒಂದೇ ದಂಧೆಯವರು ಹೇಳಿದರೆ ಕೇಳುವ ರೀತಿಯೇ ಬೇರೆ.

ಎರಡು ಸಲ ಹೇಳಿದರೂ ಕೇಳದ ಅಂಗಡಿ ಇದ್ದರೆ ಬರವಣಿಗೆಗೆ ಇಳಿಯಿರಿ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಮದ್ಯದ ವಿಷಯವಾದರೆ ಅದರ ಪ್ರತಿ ಅಬಕಾರಿ ಇಲಾಖೆಗೂ ಹೋಗಲಿ. ಹೆಣ್ಣುಮಕ್ಕಳು ಮುಂದೆ ನಿಂತ ಕಡೆ ಈ ಕೆಲಸಕ್ಕೆ ಬಲ ಬಂದಿದೆ. ಮದ್ಯ ನಿಷೇಧಕ್ಕಾಗಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದವರಲ್ಲಿ ನಮ್ಮ ಪಕ್ಕದ ರಾಯಚೂರಿನ ಹಳ್ಳಿಗಳ ಹೆಣ್ಣುಮಕ್ಕಳೂ ಇದ್ದರು.

ಹೆಜ್ಜೆ 4: ಸಂಜೆಯನ್ನು ತುಂಬಿಸಿ

ಇಡೀ ಕೆಲಸದ ಜೀವ ಇಲ್ಲಿದೆ. ಉಳಿದದ್ದೆಲ್ಲ ಅರ್ಧಂಬರ್ಧ ಆದರೂ ಇದೊಂದನ್ನು ಪೂರ್ತಿ ಮಾಡಿ.

ಐಸ್‌ಲ್ಯಾಂಡ್ ಅನ್ನುವ ಚಿಕ್ಕ ದೇಶದ ಕಥೆ ಇಲ್ಲಿ ಹೇಳಬೇಕು. 1998ರಲ್ಲಿ ಅಲ್ಲಿ 15–16 ವರ್ಷದವರಲ್ಲಿ ನೂರಕ್ಕೆ 42 ಜನ ಹಿಂದಿನ ತಿಂಗಳು ಕುಡಿದು ಮತ್ತರಾಗಿದ್ದರು. ದಿನಾ ಸಿಗರೇಟು ಸೇದುವವರು 23. ಹದಿನೆಂಟು ವರ್ಷದಲ್ಲಿ, 2016ರ ಹೊತ್ತಿಗೆ, 42 ಇದ್ದದ್ದು 5ಕ್ಕೆ ಬಂತು, 23 ಇದ್ದದ್ದು 3ಕ್ಕೆ. ಭಾಷಣದಿಂದ ಆಗಿದ್ದಲ್ಲ. ಪ್ರತಿ ವರ್ಷ ಮಕ್ಕಳನ್ನೇ ಕೇಳಿ ಲೆಕ್ಕ ಇಟ್ಟರು. ಆಟ, ಸಂಗೀತದ ಕ್ಲಬ್‌ಗಳಿಗೆ ಸರ್ಕಾರ ದುಡ್ಡು ಕೊಟ್ಟಿತು. ರಾತ್ರಿ ಇಷ್ಟು ಹೊತ್ತಿಗೆ ಮಕ್ಕಳು ಮನೆಯಲ್ಲಿರಬೇಕು ಅಂತ ಪಾಲಕರೆಲ್ಲ ಕೂಡಿ ಒಪ್ಪಂದ ಮಾಡಿಕೊಂಡರು. ಅವರ ಹತ್ತಿರ ದುಡ್ಡಿತ್ತು, ನಮ್ಮ ಹತ್ತಿರ ಇಲ್ಲ, ನಿಜ. ಆದರೆ ಗರಡಿ ಮನೆ, ಭಜನಾ ಮಂಡಳಿ, ಕಬಡ್ಡಿ ಅಂಕಣ ನಮಗೆ ಹೊಸದಲ್ಲವಲ್ಲ.

ಹೀಗೆ ಶುರು ಮಾಡಿ. ಶಾಲೆಯ ಮೈದಾನ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ತೆರೆದಿರಲಿ. ಬೀಗ ಯಾರ ಹತ್ತಿರ ಇರಬೇಕು ಅನ್ನುವುದನ್ನು ಮುಖ್ಯ ಗುರುಗಳ ಜೊತೆ ಬರವಣಿಗೆಯಲ್ಲಿ ತೀರ್ಮಾನಿಸಿ. ಎಷ್ಟೋ ಒಳ್ಳೆಯ ಯೋಜನೆ ಕೆಡುವುದು ಈ ಬೀಗದ ಕೈಯಿಂದಲೇ. ಕಬಡ್ಡಿ, ಖೋ ಖೋ, ವಾಲಿಬಾಲ್‌ಗೆ ಹೆಚ್ಚು ಖರ್ಚಿಲ್ಲ. ದಿನಾ ಒಬ್ಬ ದೊಡ್ಡವರು ಅಲ್ಲಿ ಇರಲೇಬೇಕು. ಆಡಿಸಬೇಕಿಲ್ಲ, ಕಟ್ಟೆಯ ಮೇಲೆ ಕೂತರೂ ಸಾಕು. ಯಾವ ಹುಡುಗ ಬಂದಿಲ್ಲ ಅಂತ ಗಮನಿಸುವುದೇ ಅವರ ಕೆಲಸ. ಮರುದಿನ ಆ ಹುಡುಗ ಎದುರಿಗೆ ಸಿಕ್ಕಾಗ ಇಷ್ಟು ಕೇಳಿದರೆ ಆಯಿತು: “ಯಾಕೋ ತಮ್ಮಾ, ನಿನ್ನೆ ಕಂಡಿಲ್ಲ?” ತಾನು ಬರದಿದ್ದರೆ ಯಾರೋ ಗಮನಿಸುತ್ತಾರೆ ಅಂತ ಅವನಿಗೆ ತಿಳಿಯಬೇಕು.

ಹೆಣ್ಣುಮಕ್ಕಳನ್ನು ಮರೆಯಬೇಡಿ. ನಶೆ ಗಂಡುಮಕ್ಕಳ ಸಮಸ್ಯೆ ಅಂತ ಅಂದುಕೊಂಡು ಅವರಿಗೆ ಮೈದಾನವೇ ಸಿಗುವುದಿಲ್ಲ. ವಾರದಲ್ಲಿ ಮೂರು ದಿನ ಮೊದಲ ಒಂದು ಗಂಟೆ ಅವರದ್ದೇ ಅಂತ ಇಟ್ಟುಬಿಡಿ.

ಆಟ ಎಲ್ಲರಿಗೂ ಹಿಡಿಸುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿ ಕಂಪ್ಯೂಟರ್, ಕೇರಂ, ಚೆಸ್ ಇರುವ ಕಡೆ ಸಂಜೆ ತೆರೆಯುವಂತೆ ಪಿಡಿಒ ಅವರನ್ನು ಕೇಳಿ. ಮೊಹರಂಗೆ ಹಲಗೆ ಬಾರಿಸುವವರು, ಭಜನೆಯಲ್ಲಿ ದಮ್ಮಡಿ ಹಿಡಿಯುವವರು ಊರಲ್ಲಿ ಇರುತ್ತಾರೆ. ವಾರಕ್ಕೆರಡು ದಿನ ಅವರು ಕಲಿಸಲಿ.

ಎಲ್ಲಕ್ಕಿಂತ ಅಪಾಯದಲ್ಲಿ ಇರುವುದು ಹತ್ತನೇ ಕ್ಲಾಸ್ ಫೇಲಾದವರು. ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ 2024ರಲ್ಲಿ ರಾಜ್ಯಕ್ಕೇ ಕೊನೆಯ ಜಿಲ್ಲೆ ಯಾದಗಿರಿ, 2025ರಲ್ಲಿ ಕಲಬುರಗಿ. ಅಂದರೆ ಪ್ರತಿ ಬೇಸಿಗೆಯಲ್ಲೂ ಸಾವಿರಾರು ಹುಡುಗರು ಏಕಾಏಕಿ ಶಾಲೆಯೂ ಇಲ್ಲದೆ, ಕೆಲಸವೂ ಇಲ್ಲದೆ, ಮನೆಯಲ್ಲಿ ಬೈಗುಳ ತಿನ್ನುತ್ತಾ ಅಗಸಿ ಕಟ್ಟೆಗೆ ಬಂದು ಕೂರುತ್ತಾರೆ. ಮಾಲು ಮಾರುವವನಿಗೆ ಇವರಿಗಿಂತ ಸುಲಭದ ಗಿರಾಕಿ ಇನ್ಯಾರು? ಫಲಿತಾಂಶ ಬಂದ ವಾರವೇ ಪಟ್ಟಿ ಮಾಡಿ ಮನೆಗೆ ಹೋಗಿ. ಪರೀಕ್ಷೆ–2 ಇದೆ ಅಂತ ಹೇಳಿ, ಅರ್ಜಿ ತುಂಬಿಸಿ. ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳಿಕೊಡಲು ಡಿಗ್ರಿ ಓದುವ ಇಬ್ಬರನ್ನು ಹಿಡಿಯಿರಿ. ಓದು ಬೇಡ ಅನ್ನುವವರನ್ನು ಐಟಿಐ ಕಡೆಗೆ ಹಚ್ಚಿ. ನಶೆ ವಿರುದ್ಧ ನೂರು ಪೋಸ್ಟರ್ ಅಂಟಿಸುವುದಕ್ಕಿಂತ ಈ ಒಂದು ಪಟ್ಟಿ ಮೇಲು ಅಂತ ನನ್ನ ಲೆಕ್ಕ.

ಗುಳೆ ಹೋದವರ ಮಕ್ಕಳದ್ದು ಇನ್ನೊಂದು ಪಾಡು. ಅಪ್ಪ ಅವ್ವ ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿರುತ್ತಾರೆ. ಮಗ ಅಜ್ಜಿಯ ಜೊತೆ. ಅವನ ಕೈಯಲ್ಲಿ ಫೋನು, ಫೋನಿನಲ್ಲಿ ಅಪ್ಪ ಕಳಿಸಿದ ರೊಕ್ಕ. ಅಜ್ಜಿಗೆ ಕಣ್ಣು ಮಂಜು. ಇಂಥ ಪ್ರತಿ ಮನೆಗೆ ಪಕ್ಕದ ಒಂದು ಮನೆ ಜೊತೆಯಾಗಲಿ. ರಾತ್ರಿ ಊಟದ ಹೊತ್ತಿಗೆ ಹುಡುಗ ಬಂದನಾ ಅಂತ ನೋಡುವುದು, ವಾರಕ್ಕೊಮ್ಮೆ ಅವರಪ್ಪನಿಗೆ ಫೋನ್ ಮಾಡುವುದು. ಇಷ್ಟು ಮಾಡಿದರೂ ಬಹಳ ಆಯಿತು.

ಬಿಸಿಲಿನ ಲೆಕ್ಕವನ್ನೂ ಇಟ್ಟುಕೊಳ್ಳಿ. ಏಪ್ರಿಲ್, ಮೇನಲ್ಲಿ ಸಂಜೆ ನಾಲ್ಕಕ್ಕೆ ನಮ್ಮಲ್ಲಿ ಯಾರೂ ಆಡುವುದಿಲ್ಲ. ಆಗ ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರೂವರೆಯಿಂದ ಎಂಟೂವರೆ. ಅದಕ್ಕೆ ಮೈದಾನದಲ್ಲಿ ಎರಡು ದೀಪ ಬೇಕು. ಪಂಚಾಯಿತಿಯಲ್ಲಿ ಮೊದಲು ಕೇಳಬೇಕಾದದ್ದು ಈ ದೀಪ.

ಹಬ್ಬ ಜಾತ್ರೆಯ ರಾತ್ರಿಗಳು ಬೇರೆ. ಹದಿನೈದರ ಹುಡುಗ ಮೊದಲ ಸಲ ಕುಡಿಯುವುದು ಎಷ್ಟೋ ಸಲ ಗಣಪತಿ ಬಿಡುವ ರಾತ್ರಿ, ಡಿಜೆ ಮುಂದೆ, ಅಣ್ಣಂದಿರ ಒತ್ತಾಯಕ್ಕೆ. ಮಂಡಳಿಯವರ ಜೊತೆ ಮೊದಲೇ ಕೂತು ಒಂದೇ ಒಂದು ಮಾತು ಒಪ್ಪಿಸಿ: ಚಂದಾ ರೊಕ್ಕದಲ್ಲಿ ಕುಡಿತ ಇಲ್ಲ. ಲೆಕ್ಕವನ್ನು ಗುಡಿಯ ಗೋಡೆಗೆ ಅಂಟಿಸಲಿ.

ಹೆಜ್ಜೆ 5: ಮನೆಯವರನ್ನು ಕೂಡಿಸಿ

ಪಾಲಕರ ಸಭೆ ಅಂದರೆ ಅವ್ವಂದಿರು ಬರುತ್ತಾರೆ, ಅಪ್ಪಂದಿರು ಬರುವುದಿಲ್ಲ. ಅಪ್ಪಂದಿರು ಎಲ್ಲಿರುತ್ತಾರೋ ಅಲ್ಲಿಗೇ ಹೋಗಿ. ಚಹಾದಂಗಡಿ, ಹಾಲಿನ ಡೈರಿ, ಶುಕ್ರವಾರದ ನಮಾಜಿನ ನಂತರ, ಸೋಮವಾರದ ಭಜನೆ ಮುಗಿದ ಮೇಲೆ. ಹತ್ತು ನಿಮಿಷದ ಮಾತು ಸಾಕು.

ಮೂರು ಸಂಗತಿ ಒಪ್ಪಿಸಿದರೆ ಗೆದ್ದಂತೆ. ರಾತ್ರಿ ಎಂಟೂವರೆಗೆ ಮಕ್ಕಳು ಮನೆಯಲ್ಲಿ, ಇಡೀ ಓಣಿಗೆ ಒಂದೇ ಹೊತ್ತು. ಒಬ್ಬರ ಮನೆಯಲ್ಲಿ ಎಂಟು, ಇನ್ನೊಬ್ಬರಲ್ಲಿ ಹನ್ನೊಂದು ಆದರೆ ಎಂಟರವರು ಸೋಲುತ್ತಾರೆ. ಎರಡನೆಯದು, ಬೀಡಿ, ಪಾಕೀಟು, ಕ್ವಾರ್ಟರ್ ತರಲು ಮಗನನ್ನು ಅಂಗಡಿಗೆ ಕಳಿಸುವುದಿಲ್ಲ. ಹುಡುಗನಿಗೆ ಅಂಗಡಿಯ ದಾರಿ ತೋರಿಸಿದವರು ಎಷ್ಟೋ ಸಲ ನಾವೇ ಅಲ್ವಾ? ಮೂರನೆಯದು, ಯಾರ ಮಗ ಕಂಡರೂ ಆ ಮನೆಗೇ ನೇರವಾಗಿ ಹೇಳುವುದು, ಊರೆಲ್ಲ ಸಾರುವುದಿಲ್ಲ. ಹೇಳಿಸಿಕೊಂಡವರು ಹೇಳಿದವರ ಮೇಲೆ ಜಗಳಕ್ಕೆ ಹೋಗುವುದಿಲ್ಲ.

ತಾನು ಕುಡಿಯುವ ಅಪ್ಪ ಮಗನಿಗೆ ಹೇಳಬಹುದಾ ಅಂತ ಕೇಳುತ್ತಾರೆ. ಹೇಳಬಹುದು. ತಾನು ಬಿಡಲಾಗದೆ ಒದ್ದಾಡುತ್ತಿರುವುದನ್ನು ಮುಚ್ಚಿಡದೆ ಹೇಳಿದರೆ, ಅದು ಬೈದು ಹೇಳಿದ್ದಕ್ಕಿಂತ ಜಾಸ್ತಿ ತಟ್ಟುತ್ತದೆ.

ಇಳಕಲ್‌ನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳ ಭಿಕ್ಷೆ ಬೇಡಿದ್ದು ನಮ್ಮ ಭಾಗದ ಹಿರಿಯರಿಗೆ ಗೊತ್ತು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಜೂನ್ 26ರ ಜಾಥಾಕ್ಕಿಂತ ಆ ದಿನ ದೊಡ್ಡವರೇ ಮುಂದೆ ಬಂದು ಜೋಳಿಗೆಗೆ ತಮ್ಮ ಪಾಕೀಟು ಹಾಕಿದರೆ ಮಕ್ಕಳು ನೋಡಿ ಕಲಿಯುತ್ತಾರೆ.

ಹೆಜ್ಜೆ 6: ಶಾಲೆಯಲ್ಲಿ ಏನು ಬೇಡ, ಏನು ಬೇಕು

ಹೆದರಿಸುವ ವಿಡಿಯೊ ಬೇಡ. ಚಟ ಬಿಟ್ಟವರನ್ನು ಕರೆಸಿ ಮಕ್ಕಳ ಮುಂದೆ ಕಥೆ ಹೇಳಿಸುವುದೂ ಬೇಡ. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡಿ ತಂದ ತಡೆಗಟ್ಟುವಿಕೆಯ ಮಾನದಂಡಗಳೂ ಇದನ್ನೇ ಹೇಳುತ್ತವೆ. ಹೆದರಿಸುವುದರಿಂದ, ಹಳೆಯ ಬಳಕೆದಾರರ ಕಥೆಯಿಂದ ಫಲ ಸಿಗುವುದಿಲ್ಲ, ಕೆಲವೊಮ್ಮೆ ಉಲ್ಟಾ ಆಗುತ್ತದೆ. ‘ಅವನು ಅಷ್ಟೆಲ್ಲ ಮಾಡಿಯೂ ಬದುಕಿದನಲ್ಲ’ ಅಂತ ಹುಡುಗರು ಅಂದುಕೊಳ್ಳುತ್ತಾರೆ.

ಬೇಕಾದದ್ದು ರೂಢಿ. ಗೆಳೆಯ ಪಾಕೀಟು ಮುಂದೆ ಹಿಡಿದಾಗ ಗೆಳೆತನ ಮುರಿಯದೆ ಬೇಡ ಅನ್ನುವುದು ಹೇಗೆ ಅಂತ ಮಕ್ಕಳೇ ಆಡಿ ತೋರಿಸಲಿ. “ಬ್ಯಾಡೋ, ನಾಳಿ ಮ್ಯಾಚ್ ಅದ” ಅನ್ನುವುದು ಪ್ರತಿಜ್ಞೆಗಿಂತ ಕೆಲಸಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಮಕ್ಕಳೇ ಎದ್ದು ಅಂಗಡಿಯ ವಿಷಯ, ಮೈದಾನದ ದೀಪದ ವಿಷಯ ಕೇಳಲಿ.

ಹೆಜ್ಜೆ 7: ಈಗಾಗಲೇ ಶುರು ಮಾಡಿದ ಹುಡುಗ

ಮೊದಲ ಮಾತು ಬಹಳ ಮುಖ್ಯ. ನಶೆಯಲ್ಲಿ ಇರುವಾಗ ಮಾತಾಡಬೇಡಿ. ಮರುದಿನ, ಒಬ್ಬನೇ ಇದ್ದಾಗ, ಅವನು ನಂಬುವ ಒಬ್ಬರೇ ಮಾತಾಡಲಿ. “ತಮ್ಮಾ, ನಿನಗ ಬೈಲಿಕ್ಕೆ ಕರ್ದಿಲ್ಲ. ಏನ್ ನಡದದ ಅಂತ ಕೇಳ್ಬೇಕಾಗ್ಯದ, ಅಷ್ಟೆ.” ಆಮೇಲೆ ಸುಮ್ನೆ ಕೂತು ಕೇಳಿ. ಹೊಡೆಯುವುದು, ತಲೆ ಬೋಳಿಸುವುದು, ಗುಡಿ ಮುಂದೆ ನಿಲ್ಲಿಸುವುದು, ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುವುದು, ಇವ್ಯಾವುದೂ ಆಗಬಾರದು. ಪೊಲೀಸು, ಕೋರ್ಟಿನ ತನಕ ಹೋದ ಮಗುವಿನ ಗುರುತು ಹೊರಗೆ ಹಾಕುವುದು ಬಾಲ ನ್ಯಾಯ ಕಾಯ್ದೆಯಲ್ಲಿ ಅಪರಾಧ ಕೂಡ.

ಕೆಲವು ಸಂಗತಿಗಳು ಪ್ರಾಣಕ್ಕೆ ಸಂಬಂಧಿಸಿದ್ದು. ಇವನ್ನು ಗುಂಪಿನ ಎಲ್ಲರೂ ತಿಳಿದಿರಬೇಕು.

ಸೊಲ್ಯೂಷನ್ ಮೂಸುತ್ತಿರುವ ಹುಡುಗನನ್ನು ಅಟ್ಟಿಸಿಕೊಂಡು ಹೋಗಬೇಡಿ, ಚೀರಬೇಡಿ. ಆ ರಾಸಾಯನಿಕ ಮೈಯಲ್ಲಿ ಇರುವಾಗ ಗಾಬರಿಯಾಗಿ ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಸಾಯಬಹುದು. ಮೆಲ್ಲಗೆ ಹತ್ತಿರ ಹೋಗಿ, ಗಾಳಿ ಬರುವ ಕಡೆ ಕೂರಿಸಿ.

ಬಹಳ ದಿನದಿಂದ ದಿನಾ ಕುಡಿಯುವವರು, ಕಲಬೆರಕೆ ಸೇಂದಿ ಅಥವಾ ನಿದ್ದೆ ಗುಳಿಗೆಗೆ ಒಗ್ಗಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಚೀರಾಡಬಹುದು. ಕುಡಿತದಲ್ಲಿ ಮೊದಲ ನಾಲ್ಕೈದು ದಿನ ಹೆಚ್ಚು ಅಪಾಯ. ತೆಲಂಗಾಣದಲ್ಲಿ ಸೇಂದಿ ಅಂಗಡಿ ಏಕಾಏಕಿ ಮುಚ್ಚಿಸಿದಾಗ ಹೀಗೇ ಆಗಿ ಜನ ಆಸ್ಪತ್ರೆ ಸೇರಿದ್ದರು. ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುತ್ತೇನೆ ಅನ್ನುವುದು ಜೀವಕ್ಕೇ ಕುತ್ತು. ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು.

ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. ಲಿಂಬೆರಸ, ಮಜ್ಜಿಗೆ ಏನನ್ನೂ ಬಾಯಿಗೆ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ. ಏನು ತೆಗೆದುಕೊಂಡಿದ್ದಾನೆ ಅಂತ ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿ. ಮರ್ಯಾದೆ ಆಮೇಲೆ.

ಅವಸರ ಇಲ್ಲದಿದ್ದರೆ ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೋಗುವ ಮೊದಲು ಈ ವಾರ ಬರುತ್ತಾರಾ ಅಂತ ಆಶಾ ಅವರಿಂದ ವಿಚಾರಿಸಿ. ದೊಡ್ಡ ತೊಂದರೆಯಾದರೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಿವೆ. ಫೋನಿನಲ್ಲಿ ಮಾತಾಡಲು ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿಮನಸ್ 14416, ತಂಬಾಕು ಬಿಡಲು 1800 11 2356. ಮಗುವಿಗೆ ರಕ್ಷಣೆ ಬೇಕಾದರೆ 1098.

ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದಾ ಅನ್ನುವ ಹೆದರಿಕೆಗೆ ಉತ್ತರ ಇದೆ. ಸ್ವಲ್ಪ ಪ್ರಮಾಣದ ಬಳಕೆಯ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮಾಡಿದರೆ, 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ.

ಖಾಸಗಿ ವ್ಯಸನಮುಕ್ತಿ ಕೇಂದ್ರ ಹುಡುಕುವಾಗ ಕಣ್ಣು ತೆರೆದಿರಲಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ, ಡಾಕ್ಟರು ದಿನಾ ಬರುತ್ತಾರಾ, ಮನೆಯವರು ಭೇಟಿ ಮಾಡಬಹುದಾ, ಮಕ್ಕಳನ್ನು ದೊಡ್ಡವರಿಂದ ಬೇರೆ ಇಡುತ್ತಾರಾ ಅಂತ ಕೇಳಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಒಳಗೆ ನೋಡಲು ಬಿಡದ ಜಾಗಕ್ಕೆ ಮಗನನ್ನು ಬಿಟ್ಟು ಬರಬೇಡಿ.

ಬಿಟ್ಟವನು ಮತ್ತೆ ಹಿಡಿಯುವುದು ಉಂಟು. ಮತ್ತೆ ಕರೆದುಕೊಂಡು ಹೋಗಿ. ವಾಪಸ್ ಬಂದ ಹುಡುಗನಿಗೆ ಮೈದಾನದಲ್ಲಿ ಜಾಗ ಇರಬೇಕು. ‘ಅವನ ಜೊತೆ ಆಡಬೇಡ’ ಅಂತ ಓಣಿ ಅಂದರೆ, ಅವನ ಜೊತೆ ಆಡಲು ಕಾಯುತ್ತಿರುವವರು ಬೇರೆ ಇದ್ದಾರೆ.

ಹೆಜ್ಜೆ 8: ಮಾರುವವರ ವಿಷಯ

ಇದು ನಿಮ್ಮ ಕೆಲಸ ಅಲ್ಲ. ಹುಡುಗರನ್ನು ಕಟ್ಟಿಕೊಂಡು ರಾತ್ರಿ ದಾಳಿ ಮಾಡುವುದು, ಗಿಡ ಕಿತ್ತು ಸುಡುವುದು ಬೇಡವೇ ಬೇಡ. ಜೀವಕ್ಕೂ ಅಪಾಯ, ಸಾಕ್ಷಿಯೂ ಹಾಳು. ಜಾಗ, ಹೊತ್ತು, ಗಾಡಿಯ ನಂಬರ್ ಬರೆದಿಟ್ಟುಕೊಂಡು 1933ಕ್ಕೆ ತಿಳಿಸಿ. ಇದು ಮಾದಕ ವಸ್ತು ನಿಯಂತ್ರಣ ಬ್ಯೂರೊದ ಸಹಾಯವಾಣಿ, ಹೆಸರು ಹೇಳಬೇಕಿಲ್ಲ. ತುರ್ತಾದರೆ 112. ತನ್ನ ಹೊಲದಲ್ಲಿ ಗಾಂಜಾ ಕಂಡರೆ ತಿಳಿಸುವುದು ಹೊಲದ ಮಾಲೀಕನ ಹೊಣೆ ಅಂತ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಹೊಲ ಲಾವಣಿಗೆ ಕೊಟ್ಟು ಊರು ಬಿಟ್ಟವರಿಗೆ ಈ ಮಾತು ಮುಟ್ಟಿಸಿ.

ಹೆಜ್ಜೆ 9: ರೊಕ್ಕ, ಲೆಕ್ಕ, ಮತ್ತೆ ಚೀಟಿ

ಖರ್ಚು ಅಂದರೆ ಚೆಂಡು, ನೆಟ್ಟು, ಎರಡು ದೀಪ, ಛಾಪಿಸಿದ ಹಾಳೆ. ಪಂಚಾಯಿತಿ, ಹಳೆಯ ವಿದ್ಯಾರ್ಥಿಗಳು, ಊರಿನ ವ್ಯಾಪಾರಸ್ಥರು ಸೇರಿದರೆ ಆಗುತ್ತದೆ. ತಂಬಾಕು ವ್ಯಾಪಾರಿ ಮತ್ತು ಬಾರ್ ಮಾಲೀಕರ ದೇಣಿಗೆ ಮಾತ್ರ ಬೇಡ, ಟಿ–ಶರ್ಟ್ ಕೊಡುತ್ತೇನೆ ಅಂದರೂ ಬೇಡ. ಲೆಕ್ಕ ಹೆಣ್ಣುಮಕ್ಕಳ ಸಂಘದವರ ಹತ್ತಿರ ಇರಲಿ, ಅವರಿಗೆ ಪುಸ್ತಕ ಬರೆದು ರೂಢಿ ಇದೆ.

ತಿಂಗಳಿಗೊಮ್ಮೆ ಒಂದು ಗಂಟೆ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಮೈದಾನಕ್ಕೆ ದಿನಾ ಎಷ್ಟು ಜನ ಬರುತ್ತಿದ್ದಾರೆ? ನಕ್ಷೆಯ ಯಾವ ಮೂಲೆ ಖಾಲಿಯಾಯಿತು, ಯಾವ ಹೊಸ ಮೂಲೆ ತುಂಬಿತು? ಮನೆಗೆ ಹೋಗಿ ಮಾತಾಡಬೇಕಾದ ಹುಡುಗ ಯಾರಾದರೂ ಇದ್ದಾನಾ? ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಎದ್ದು ಬರುವುದು ಈ ವ್ಯಾಪಾರದ ಗುಣ, ನಕ್ಷೆ ಬದಲಾಗುತ್ತಲೇ ಇರುತ್ತದೆ.

ವರ್ಷ ತುಂಬಿದ ಮೇಲೆ ಅದೇ ತಿಂಗಳಲ್ಲಿ, ಅದೇ ತರಗತಿಗಳಿಗೆ, ಅದೇ ನಾಲ್ಕು ಪ್ರಶ್ನೆಯ ಚೀಟಿ ಮತ್ತೆ ಕೊಡಿ. ಪ್ರಶ್ನೆ ಬದಲಿಸಿದರೆ ಹೋಲಿಸಲು ಬರುವುದಿಲ್ಲ. ಪಾಕೀಟು ಇಳಿದು ಗುಳಿಗೆ ಏರಿದ್ದರೆ ಮೆಡಿಕಲ್ ಅಂಗಡಿಗಳ ಕಡೆಗೆ ವಾಪಸ್ ಹೋಗಿ. ‘ಶಾಲೆ ಬಿಟ್ಟ ಮೇಲೆ ಎಲ್ಲಿರುತ್ತೀ’ ಅನ್ನುವ ಪ್ರಶ್ನೆಗೆ ಮೈದಾನ, ಮನೆ ಅಂತ ಬರೆದವರು ಜಾಸ್ತಿಯಾಗಿದ್ದರೆ, ಉಳಿದ ಅಂಕಿಗಳು ಇನ್ನೂ ಇಳಿಯದಿದ್ದರೂ ಕೆಲಸ ಬಿಡಬೇಡಿ. ಐಸ್‌ಲ್ಯಾಂಡಿನವರಿಗೂ ಹದಿನೆಂಟು ವರ್ಷ ಹಿಡಿಯಿತು.